ಡೇವಿಸ್ ಬಿಟ್ಟ ಕುರ್ಚಿ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿಮ್ಮ ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಗೆ ಬ್ರಿಟನ್ನಿನ ಸಂಸದ ಡೇವಿಡ್ ಡೇವಿಸ್ ರಾಜೀನಾಮೆಯ ಪ್ರಸಂಗ ಕೊಟ್ಟಿದ್ದಾರೆಂದೂ, ಅದನ್ನು ಖಂಡಿಸುವ ಪಾಳಿ ನಿನ್ನದೆಂದೂ ಮೊನ್ನೆ ಫೋನಿನಲ್ಲಿ ಹೇಳಿದೆ. "ತಾನೇ ಬಿಟ್ಟ ಸೀಟಿಗೆ ತಾನೇ ನಿಲ್ಲುವುದು ನಾಟಕವಲ್ಲದೆ ಇನ್ನೇನಮ್ಮ?" ಎಂದು ಕೇಳಿದೆ. ಆಗ ನಾನು ಹಾಂ ಹೂಂ ಎಂದು ಸುಮ್ಮನಾದೆ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯಿತು.

ಭಯೋತ್ಪಾದನೆಯ ಶಂಕೆಯ ಮೇಲೆ ಹಿಡಿದವರನ್ನು ಆರೋಪ ಹೊರಿಸದೆ 42 ದಿನ ಬಂಧನದಲ್ಲಿಡಬಹುದೆಂಬ ಮಸೂದೆಗೆ ಬ್ರಿಟನ್ನಿನ ಕೆಳಮನೆ 2008ರ ಜೂನ್ 11ರಂದು ಒಪ್ಪಿಗೆ ಕೊಟ್ಟಿತು. ಅದುವರೆಗಿನ ಮಿತಿ 28 ದಿನ. ಪರವಾಗಿ 315 ಮತ, ವಿರುದ್ಧ 306. ಆರು ವಾರವೆಂದರೆ ಎಷ್ಟೆಂದು ಒಮ್ಮೆ ಎಣಿಸಿ ನೋಡು. ಮಾಡಿದ ತಪ್ಪೇನೆಂದು ಯಾರೂ ಹೇಳುವುದಿಲ್ಲ. ಹೊರಗೆ ಕೆಲಸ ಉಳಿದಿದೆಯೋ ಇಲ್ಲವೋ, ಬಾಡಿಗೆ ಕಟ್ಟಿದವರು ಯಾರೋ, ಮಕ್ಕಳನ್ನು ಶಾಲೆಯಲ್ಲಿ ಯಾರು ಏನೆಂದರೋ. ಕೊನೆಗೆ "ನಿಮ್ಮ ಮೇಲೆ ಏನೂ ಇಲ್ಲ, ಹೋಗಿ" ಎಂದರೆ ಹೋಗಬೇಕು.

ಮರುದಿನವೇ, ಆಗ ವಿರೋಧ ಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷದ ಛಾಯಾ ಗೃಹ ಸಚಿವ, ಅಂದರೆ ಗೃಹ ಖಾತೆಯಲ್ಲಿ ಸರ್ಕಾರವನ್ನು ಪ್ರಶ್ನಿಸುವ ಹೊಣೆ ಹೊತ್ತ ಡೇವಿಸ್, ಅದನ್ನು ಪ್ರತಿಭಟಿಸಿ ಸಂಸತ್ ಸ್ಥಾನ ಬಿಟ್ಟು ಅದಕ್ಕೇ ಮತ್ತೆ ನಿಲ್ಲುವುದಾಗಿ ಘೋಷಿಸಿದರು. ಅಲ್ಲಿ ಸಂಸದರು ನೇರವಾಗಿ ರಾಜೀನಾಮೆ ಕೊಡುವಂತಿಲ್ಲ. ಕೆಲಸವೂ ಇಲ್ಲದ, ಸಂಬಳವೂ ಇಲ್ಲದ ರಾಜಸತ್ತೆಯಡಿಯ ಹೆಸರಿಗಷ್ಟೇ ಇರುವ ಹುದ್ದೆಯೊಂದನ್ನು ಒಪ್ಪಿಕೊಂಡು ಅನರ್ಹರಾಗಬೇಕು. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ.

ಜುಲೈ 10ರ ಉಪಚುನಾವಣೆಯನ್ನು ಮಾತ್ರ ನೋಡಿದರೆ ನಿನ್ನ ಮಾತೇ ಸರಿ. ಹಾಲ್ಟೆಂಪ್ರೈಸ್ ಮತ್ತು ಹೌಡನ್ ಕ್ಷೇತ್ರದಲ್ಲಿ 26 ಅಭ್ಯರ್ಥಿಗಳಿದ್ದರೂ ಆಡಳಿತದಲ್ಲಿದ್ದ ಲೇಬರ್ ಪಕ್ಷ ಯಾರನ್ನೂ ನಿಲ್ಲಿಸಲಿಲ್ಲ, ಲಿಬರಲ್ ಡೆಮಾಕ್ರಟರೂ ನಿಲ್ಲಲಿಲ್ಲ. ಯಾರೊಡನೆ ವಾದಿಸಲು ಹೊರಟರೋ ಅವರೇ ಅಂಗಳಕ್ಕೆ ಇಳಿಯಲಿಲ್ಲ. 23 ಮಂದಿ ಠೇವಣಿ ಕಳೆದುಕೊಂಡರು. ಡೇವಿಸ್‌ಗೆ ಶೇ 72ರ ಹತ್ತಿರ ಮತ ಬಿತ್ತು, ಆದರೆ ಮತಗಟ್ಟೆಗೆ ಬಂದವರು ಸುಮಾರು ಮೂರನೆಯ ಒಂದು ಭಾಗ. ಇಂಥ ಗೆಲುವನ್ನು ಜನಾದೇಶವೆಂದು ಕರೆಯಲು ನನಗೂ ನಾಲಿಗೆ ಏಳುವುದಿಲ್ಲ.

ಆ ಮನುಷ್ಯ ನನಗೆ ಅಚ್ಚುಮೆಚ್ಚಿನವರೂ ಅಲ್ಲ. ಮರಣದಂಡನೆಯ ಪರ ಮಾತಾಡಿದವರು.

ಆದರೂ ಅವರು ಪಣಕ್ಕಿಟ್ಟದ್ದು ಏನೆಂದು ಹುಡುಕುವಾಗ ಎಲ್ಲರೂ ಆ ಸೀಟನ್ನೇ ನೋಡುತ್ತಾರೆ. ಅದು ಹೇಗೂ ಅವರ ಕೈಬಿಡುವಂಥದ್ದಾಗಿರಲಿಲ್ಲ. ಹೋದದ್ದು ಇನ್ನೊಂದು ಕುರ್ಚಿ, ಛಾಯಾ ಗೃಹ ಸಚಿವರದು. ಪಕ್ಷದ ನಾಯಕ ಡೇವಿಡ್ ಕ್ಯಾಮರಾನ್ ಆ ಜಾಗಕ್ಕೆ ಡೊಮಿನಿಕ್ ಗ್ರೀವ್ ಅವರನ್ನು ತಂದರು. ಗೆದ್ದು ಬಂದ ಡೇವಿಸ್‌ಗೆ ಅದು ಮರಳಲಿಲ್ಲ. 2010ರಲ್ಲಿ ಅವರದೇ ಪಕ್ಷ ಅಧಿಕಾರಕ್ಕೆ ಬಂದಾಗ ಅವರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಮತ್ತೆ ಮಂತ್ರಿಯಾದದ್ದು 2016ರಲ್ಲಿ, ಬ್ರೆಕ್ಸಿಟ್ ಖಾತೆಗೆ. ನಾಟಕವಾಡುವವರು ಟಿಕೆಟ್ಟಿಗೆ ಇಷ್ಟು ಬೆಲೆ ತಾವೇ ತೆರುತ್ತಾರೆಯೇ?

2008ರ ಅಕ್ಟೋಬರ್ 13ರಂದು ಮೇಲ್ಮನೆ 118ಕ್ಕೆ 309 ಮತಗಳಿಂದ ಆ 42 ದಿನವನ್ನು ತಿರಸ್ಕರಿಸಿತು, ಸರ್ಕಾರ ಕೈಬಿಟ್ಟಿತು. ಈ ಶ್ರೇಯವನ್ನು ಡೇವಿಸ್ ತಲೆಗೆ ಕಟ್ಟಬೇಡ, ಅಲ್ಲಿ ವಿರೋಧ ಮೊದಲಿನಿಂದಲೂ ದಟ್ಟವಾಗಿತ್ತು. 2011ರಲ್ಲಿ ಮಿತಿ 14 ದಿನಕ್ಕೆ ಇಳಿಯಿತು.

ನೀನು ವಿರೋಧವಾಗಿಯೇ ವಾದಿಸು, ಅಂಕಿಗಳು ನಿನ್ನ ಕಡೆಗಿವೆ. ಎದುರಿನವರು ಆ ಕುರ್ಚಿಯ ಮಾತೆತ್ತಿದರೆ ಏನು ಹೇಳುತ್ತೀಯೆಂದು ಭಾನುವಾರ ಫೋನಿನಲ್ಲಿ ತಿಳಿಸು. ನನಗಂತೂ ಇನ್ನೂ ಉತ್ತರ ಹೊಳೆದಿಲ್ಲ.

ಇಂತಿ,
ನಿನ್ನ ಅಮ್ಮ