ಮ್ಯಾನ್‌ಹೋಲ್‌ಗೆ ಇಳಿಯುವವರ ಜಾತಿ

ಮಾನ್ಯರೇ,

ಅಪಾರ್ಟ್‌ಮೆಂಟಿನ ಪಂಪು ಕೆಟ್ಟರೆ ಮೆಕ್ಯಾನಿಕ್‌ಗೆ ಫೋನು ಹೋಗುತ್ತದೆ. ಮಲದ ಗುಂಡಿ ಕಟ್ಟಿಕೊಂಡರೆ ಮಾತ್ರ ‘ಆ ಕಾಲೊನಿಯವರನ್ನು ಕರೆಸಿ’ ಅನ್ನುತ್ತಾರೆ; ಅಂದರೆ ದಲಿತರ ಕೇರಿಯವರನ್ನು. ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಮಲ ಹೊರುವ ಪದ್ಧತಿ ನಿಷೇಧಿಸಿದ ರಾಜ್ಯ ಇದು!

ಗುಂಡಿಯಲ್ಲಿನ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ದಾಟಿದರೆ ಮೂಗಿಗೆ ಏನೂ ತಿಳಿಯದು. ಮೇಲೆ ಬಗ್ಗಿ ನೋಡಿದವರು ‘ವಾಸನೆಯಿಲ್ಲ, ಇಳಿ’ ಅನ್ನುತ್ತಾರೆ. ಹೂಳು ಕಲಕಿದೊಡನೆ ಅಡಗಿದ್ದ ಅನಿಲ ಒಮ್ಮೆಲೇ ಏಳುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ ಅದನ್ನು ತಡೆಯದು. ಬಿದ್ದವನನ್ನು ಎತ್ತಲು ಇಳಿದವನೂ ಸಾಯುವುದು ಇದರಿಂದಲೇ.

ರಕ್ಷಣಾ ಸಾಧನವಿಲ್ಲದೆ ಇಳಿಸಿದರೆ ಮಲ ಹೊರುವ ಪದ್ಧತಿ ನಿಷೇಧದ 2013ರ ಕೇಂದ್ರ ಕಾಯ್ದೆಯಡಿ ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಆದರೂ ‘ಅವರಿಗೆ ಅಭ್ಯಾಸವಿದೆ’ ಎಂಬ ಮಾತು ನಿಂತಿಲ್ಲ. ವಿಷಾನಿಲಕ್ಕೆ ಯಾವ ಶ್ವಾಸಕೋಶವೂ ಒಗ್ಗುವುದಿಲ್ಲ. ತಲೆಮಾರುಗಳಿಂದ ಬೇರೆ ಕೆಲಸ ಕೊಡದೆ, ಈಗ ಅದನ್ನೇ ಅಭ್ಯಾಸ ಅನ್ನುತ್ತಿದ್ದೇವೆ.

ನಿವಾಸಿಗಳ ಸಂಘಗಳು ನೋಟಿಸ್ ಬೋರ್ಡಿನಲ್ಲಿ ಹೂಳು ಹೀರುವ ಸಕ್ಕಿಂಗ್, ನೀರು ಚಿಮ್ಮಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರದವರ ನಂಬರು ಹಾಕಲಿ. ಕಾಲೊನಿಯ ನಂಬರು ಅಳಿಸಲಿ.

– ಒಳಚರಂಡಿ ಸುರಕ್ಷತಾ ತರಬೇತುದಾರರು, ಬೆಂಗಳೂರು