ಫೋಟೊ ಬಂತು, ಗಡುವಿನ ಸುದ್ದಿ ಬರಲಿಲ್ಲ

ಮಾನ್ಯ ಸಂಪಾದಕರೇ,

ನೇಪಾಳದ ಹೆಂಗಸರು ಲೈಂಗಿಕ ಕಿರುಕುಳದ ವಿರುದ್ಧ ಬೀದಿಗಿಳಿದಾಗಲೆಲ್ಲ ನಿಮ್ಮ ವಿದೇಶ ಪುಟದಲ್ಲಿ ಒಂದು ಫೋಟೊ ಬರುತ್ತದೆ, ಕೆಳಗೆ ನಾಲ್ಕು ಸಾಲು. ಕೈಯಲ್ಲಿ ಫಲಕ, ಕೆಲವೊಮ್ಮೆ ಮೇಣದಬತ್ತಿ. ಅವರು ಕೇಳುತ್ತಿರುವುದಾದರೂ ಏನು ಅಂತ ಓದಿ ಮುಗಿಸಿದರೂ ಗೊತ್ತಾಗುವುದಿಲ್ಲ.

ಅವರ ಜಗಳ ಬಹಳ ಕಾಲದಿಂದ ಕ್ಯಾಲೆಂಡರಿನ ಜೊತೆಗೂ ಇದೆ. ಅಲ್ಲಿ ಅತ್ಯಾಚಾರದ ದೂರು ಕೊಡಲು ಹಿಂದೆ ಇದ್ದ ಗಡುವು ಬರೀ 35 ದಿನ. ಮೈಮೇಲಿನ ಗಾಯ ಮಾಯುವಷ್ಟರಲ್ಲಿ ಠಾಣೆಯ ಬಾಗಿಲು ಮುಚ್ಚಿರುತ್ತಿತ್ತು. 2012ರ ಕೊನೆಯಲ್ಲಿ, ಸೌದಿಯಲ್ಲಿ ದುಡಿದು ಊರಿಗೆ ಹೊರಟಿದ್ದ ಹೆಣ್ಣುಮಗಳೊಬ್ಬಳನ್ನು ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಸರ್ಕಾರಿ ನೌಕರರೇ ದೋಚಿದರು, ಪೊಲೀಸಿನವನೊಬ್ಬ ಅತ್ಯಾಚಾರ ಮಾಡಿದ. ಆಗ ಪ್ರಧಾನಿ ನಿವಾಸವಿರುವ ಬಾಲುವಾಟಾರ್‌ನಲ್ಲಿ ಜನ 100ಕ್ಕೂ ಹೆಚ್ಚು ದಿನ ಪ್ರತಿಭಟಿಸಿದರು. ಅದೇ ಹೊತ್ತಿಗೆ ನಿರ್ಭಯಾ ಪ್ರಕರಣದ ಸಿಟ್ಟಿಗೆ ದೆಹಲಿ ಹೊತ್ತಿ ಉರಿಯುತ್ತಿತ್ತು. ಇಲ್ಲಿನ ಪತ್ರಿಕೆಗಳ ಗಮನ ಅತ್ತ ಹೋಗಿದ್ದು ಸಹಜ, ಇರಲಿ.

ಗಡುವು ಆಮೇಲೆ ಆರು ತಿಂಗಳಾಯಿತು, ಒಂದು ವರ್ಷವಾಯಿತು. 2022ರಲ್ಲಿ ಯುವತಿಯೊಬ್ಬಳು, 16ನೇ ವಯಸ್ಸಿನಲ್ಲಿ ಸೌಂದರ್ಯ ಸ್ಪರ್ಧೆಯ ಆಯೋಜಕನೊಬ್ಬ ತನ್ನ ಮೇಲೆ ಅತ್ಯಾಚಾರ ಮಾಡಿದ ಅಂತ ಟಿಕ್‌ಟಾಕ್‌ನಲ್ಲಿ ಹೇಳಿಕೊಂಡಳು. ಅಷ್ಟರಲ್ಲಿ ಸುಮಾರು ಎಂಟು ವರ್ಷ ಕಳೆದಿತ್ತು. ಜನ ಮತ್ತೆ ಬೀದಿಗೆ ಬಂದರು. ಅದೇ ವರ್ಷ ಕಾನೂನು ತಿದ್ದಿದರು: ದೊಡ್ಡವರಿಗೆ ಎರಡು ವರ್ಷ, ಮಕ್ಕಳಿಗೆ 18 ತುಂಬಿದ ಮೇಲೆ ಮೂರು ವರ್ಷ. ಗಡುವೇ ಬೇಡ ಅಂತ ಕೇಳಿದವರಿಗೆ ಸಿಕ್ಕಿದ್ದು ಇಷ್ಟು.

ನಮ್ಮಲ್ಲಿ ಅತ್ಯಾಚಾರದ ದೂರಿಗೆ ಇಂಥ ಗಡುವಿಲ್ಲ. ಆದರೆ ಕೆಲಸದ ಜಾಗದ ಕಿರುಕುಳಕ್ಕೆ ಇದೆ, ಗೊತ್ತಾ? 2013ರ ಕಾಯ್ದೆ ಪ್ರಕಾರ, ಕಿರುಕುಳ ನಡೆದ ಮೂರು ತಿಂಗಳೊಳಗೆ ಆಫೀಸಿನಲ್ಲೇ ಇರುವ ದೂರು ಸಮಿತಿಗೆ ದೂರು ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ, ಕೈ ತೊಳೆಯುವ ಬೇಸಿನ್ ಮೇಲೆ ಆ ಸಮಿತಿಯ ಪೋಸ್ಟರ್ ಇದೆ. ನೀರು ಸಿಡಿದು ಒಂದು ಫೋನ್ ನಂಬರ್ ಅರ್ಧ ಅಳಿಸಿದೆ. ಮೂರು ತಿಂಗಳ ಮಾತು ಅದರಲ್ಲಿ ಎಲ್ಲೂ ಇಲ್ಲ. ಜೊತೆಯಲ್ಲಿ ಊಟ ಮಾಡುವ ಆರು ಜನರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಅಷ್ಟೇ, ನೇಪಾಳದ ಸುದ್ದಿಯ ಬೆನ್ನು ಹತ್ತಿದ ಮೇಲೆಯೇ ತಿಳಿದದ್ದು.

ಮುಂದಿನ ಸಲ ಫೋಟೊ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ಅಲ್ಲಿ ಗಡುವು ಎಷ್ಟು, ಇಲ್ಲಿ ಎಷ್ಟು ಅಂತ ಎರಡು ಸಾಲು ಜಾಸ್ತಿ ಹಾಕಿ.

– ನಿಮ್ಮ ಓದುಗರಲ್ಲೊಬ್ಬಳು, ಬೆಂಗಳೂರು