ಎದ್ದು ನಿಂತವರು ಯಾಕೆ ನಿಂತರು?

ಉಡುಪಿ

ಪ್ರಿಯ ಗೆಳೆಯಾ,

ಗಾಯಕ ರಘು ದೀಕ್ಷಿತ್ ಅವರ ಬಗ್ಗೆ ನೀನು ಬರೆದ ಲೇಖನವನ್ನು ನಿನ್ನೆ ರಾತ್ರಿ ಮಳೆಯ ಸದ್ದಿನ ನಡುವೆ ಎರಡು ಸಲ ಓದಿದೆ. ಮೂರು ಪುಟಗಳಲ್ಲಿ ‘ಅಂತಾರಾಷ್ಟ್ರೀಯ’ ಎಂಬ ಪದ ಹನ್ನೊಂದು ಕಡೆ ಬಂದಿದೆ. ‘ಹಾಡು’ ನಾಲ್ಕೇ ಕಡೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ, ಬೇಸರಿಸಬೇಡ. ಇದೇ ತಪ್ಪನ್ನು ಮಾಡಿ ನಾನೂ ನಗೆಪಾಟಲಾದವನು.

ಕ್ಯಾಸೆಟ್ಟಿನ ಕಾಲ. ತಾವೇ ಬರೆದು, ತಾವೇ ರಾಗ ಕಟ್ಟಿ ಹಾಡುವ ಮಂಗಳೂರಿನ ಒಬ್ಬರು ಗಲ್ಫಿನಲ್ಲಿ ಕಾರ್ಯಕ್ರಮ ಕೊಟ್ಟು ಬಂದರು. ನಾನು ಇಲ್ಲಿಯೇ ಕುಳಿತು, ಒಂದು ಕರಪತ್ರ, ಎರಡು ಫೋಟೋ ನೋಡಿ, ‘ಸಭಿಕರೆಲ್ಲ ಎದ್ದು ನಿಂತು ಗೌರವಿಸಿದರು’ ಎಂದು ಬರೆದುಬಿಟ್ಟೆ. ಅಚ್ಚೂ ಆಯಿತು. ವಾರದ ಮೇಲೆ ಹಂಪನಕಟ್ಟೆಯಲ್ಲಿ ಸಿಕ್ಕಿದ ಅವರು, “ಎದ್ದು ನಿಂತದ್ದು ಹೌದು ಮಾರಾಯರೇ, ಕಾರ್ಮಿಕರ ಕ್ಯಾಂಪಿಗೆ ಹೋಗುವ ಕೊನೆಯ ಬಸ್ಸು ಹೊರಡುವುದರಲ್ಲಿತ್ತು” ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು: ಒಂದು ಹಾಡು ಮುಗಿಯುವ ತನಕ ಆ ಬಸ್ಸಿನ ಚಾಲಕ ಇಂಜಿನ್ ಆರಿಸಿ ಕಾದಿದ್ದನಂತೆ. ಬೆಳಗ್ಗೆ ಐದಕ್ಕೆ ಏಳಬೇಕಾದ ಜನ ಬಾಗಿಲಲ್ಲಿ ನಿಂತೇ ಕೇಳಿದರಂತೆ. ನಾನು ಬರೆಯಬೇಕಾಗಿದ್ದದ್ದು ಆ ಬಸ್ಸನ್ನು. ನಾನು ಬರೆದದ್ದು ಚಪ್ಪಾಳೆಯನ್ನು.

ಹಾಗಾಗಿ ನಿನ್ನಲ್ಲಿ ಕೇಳುವುದು ಇಷ್ಟು: ಕರೆಸಿದವರು ಯಾರು, ಖರ್ಚು ಹೊತ್ತವರು ಯಾರು, ಎದುರು ಕುಳಿತವರಿಗೆ ಆ ಭಾಷೆ ತಿಳಿದಿತ್ತೇ?

ನೀನು ಮಂದಾರ್ತಿ ಮೇಳದ ಯಕ್ಷಗಾನದ ಆಟ ನೋಡಿ ಬೆಳೆದವನು, ನಿನಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹರಕೆಯ ಆಟದಲ್ಲಿ ಆಡಿಸುವ ಮನೆಯವರು ಖರ್ಚು ಹೊರುತ್ತಾರೆ, ಊರಿನವರು ಪುಕ್ಕಟೆ ಕುಳಿತು ನೋಡುತ್ತಾರೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಆಟಕ್ಕೆ ಟಿಕೆಟ್ ಕೊಂಡೇ ಒಳಗೆ ಹೋಗಬೇಕು. ಪ್ರಸಂಗ ಹಿಡಿಸದಿದ್ದರೆ ಮುಂದಿನ ವರ್ಷ ಡೇರೆ ಖಾಲಿ. ಎರಡೂ ತಿರುಗಾಟವೇ, ಎರಡರ ಭಯ ಬೇರೆ. ವಿದೇಶದ ಕಾರ್ಯಕ್ರಮಗಳಲ್ಲಿಯೂ ಈ ಭೇದ ಇದೆ, ನಮ್ಮ ಪತ್ರಿಕೆಗಳು ಅದನ್ನು ಒಂದೇ ಪದದಲ್ಲಿ ಮುಚ್ಚಿಬಿಡುತ್ತವೆ.

‘ಕೊಂಕಣ್ ಕೋಗುಳ್’ (ಕೊಂಕಣದ ಕೋಗಿಲೆ) ಎಂದು ಹೆಸರಾದ ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ (1942–2010) ನಮ್ಮ ಮಂಗಳೂರಿನವರು. ಸಮುದ್ರದಾಚೆ ಅವರ ಎದುರು ಕುಳಿತದ್ದು ಬಹುಮಟ್ಟಿಗೆ ನಮ್ಮವರೇ: ಮನೆಗೆ ಹಣ ಕಳಿಸುವವರು, ರಜೆಯ ದಿನಗಳನ್ನು ಬೆರಳಿನಲ್ಲಿ ಎಣಿಸುವವರು. ಅಲ್ಲಿ ಹಾಡಿನ ಒಂದೊಂದು ಪದವೂ ಅರ್ಥವಾಗುತ್ತಿತ್ತು, ಆದ್ದರಿಂದಲೇ ಅಲ್ಲಿ ಹಾಡುವುದು ಸುಲಭವಲ್ಲ. ತವರಿನ ಒಂದು ವಿವರ ತಪ್ಪಿದರೂ ಸಭೆಗೆ ತಿಳಿಯುತ್ತದೆ. ಇಂಥವರನ್ನು ‘ಅನಿವಾಸಿಗಳ ಕಲಾವಿದ’ ಎಂದು ಒಂದು ಮೆಟ್ಟಿಲು ಕೆಳಗಿಡುವ ಚಾಳಿ ನನಗೆ ಹಿಡಿಸುವುದಿಲ್ಲ.

ರಘು ದೀಕ್ಷಿತ್ ಅವರದು ಇನ್ನೊಂದು ಬಗೆ. ಮೊದಲ ಆಲ್ಬಂ 2008ರಲ್ಲಿ. 2010ರಲ್ಲಿ ಬಿಬಿಸಿ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಎಂಬ ಬ್ರಿಟಿಷ್ ಸಂಗೀತ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. ಇವನ್ನು ನೀನು ಸರಿಯಾಗಿಯೇ ಕೊಟ್ಟಿದ್ದೀಯೆ, ಆದರೆ ರೇಷನ್ ಅಂಗಡಿಯ ಪಟ್ಟಿಯಂತೆ. ಆ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ. 1889ರಲ್ಲಿ ತೀರಿಕೊಂಡ ಒಬ್ಬ ತತ್ತ್ವಪದಕಾರನ ಮಾತು, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದವರ ಜೊತೆ, ಗಿಟಾರ್ ಹಿಡಿದು ಬ್ರಿಟನ್ನಿಗೆ ಹೋಯಿತು. ಕನ್ನಡದ ಒಂದಕ್ಷರವೂ ತಿಳಿಯದವರು ಅದಕ್ಕೆ ತಲೆದೂಗಿದರು. ಅವರಿಗೆ ಮುಟ್ಟಿದ್ದು ಏನು? ಹುಕ್ಕಾದೊಳಗೆ ದೇಹವನ್ನೂ ಅಹಂಕಾರವನ್ನೂ ಇಟ್ಟ ಶರೀಫರ ಒಗಟು ಮುಟ್ಟಿರಲಾರದು. ಆದರೆ ‘ಗುಡುಗುಡಿ’ ಎಂಬ ಪದವೇ ನೀರು ಗುಡುಗುಡು ಎನ್ನುವ ಸದ್ದು. ಅದಕ್ಕೆ ಅನುವಾದ ಬೇಡ. ಆ ಹಾಡನ್ನು ಹತ್ತು ಸಲ ಕೇಳಿ, ಎಲ್ಲಿ ಅರ್ಥ ಹಿಂದೆ ಸರಿದು ಲಯ ಮುಂದೆ ಬರುತ್ತದೆ ಎಂದು ಗುರುತಿಸು. ಅದರ ಮೇಲೆ ಒಂದು ಪುಟ ಬರೆ, ಉಳಿದ ಎರಡು ಪುಟ ಕತ್ತರಿಸಿದರೂ ನಷ್ಟವಿಲ್ಲ. ನನ್ನ ಕಿವಿಗೆ ಕೇಳಿದ್ದನ್ನು ಹೇಳಿದೆ, ನಿನ್ನ ಕಿವಿ ಬೇರೆ ಹೇಳಿದರೆ ಅದನ್ನೇ ಬರೆ.

ಹಣದ ವಿಷಯವನ್ನು ನೀನು ಮುಟ್ಟಿಯೇ ಇಲ್ಲ. ಕಲೆಯ ಬಗ್ಗೆ ಬರೆಯುವಾಗ ದುಡ್ಡಿನ ಮಾತು ಮೈಲಿಗೆ ಎಂಬ ಸಂಕೋಚ ನಮ್ಮಲ್ಲಿ ಯಾಕೆ ಇದೆಯೋ. ಬ್ರಿಟನ್ನಿನಲ್ಲಿ ಹೊರದೇಶದ ಕಲಾವಿದರ ಸಂಭಾವನೆ ಒಂದು ಮಿತಿ ದಾಟಿದರೆ ಶೇಕಡ 20ರಷ್ಟು ತೆರಿಗೆಯನ್ನು ಕೊಡುವವರೇ ಮೊದಲು ಹಿಡಿದುಕೊಳ್ಳುತ್ತಾರೆ. ಉಳಿದುದರಲ್ಲಿ ತಂಡದ ವೀಸಾ, ವಿಮಾನ, ವಾದ್ಯಗಳ ಸಾಗಣೆ. ಇನ್ನು ಹಾಡಿನ ಹಕ್ಕು: ಸಾಹಿತ್ಯ ಒಂದು ಸ್ವತ್ತು, ರಾಗ ಇನ್ನೊಂದು, ಧ್ವನಿಮುದ್ರಣ ಮೂರನೆಯದು, ಮೂರಕ್ಕೂ ಬೇರೆ ಬೇರೆ ಒಡೆಯರು ಇರಬಹುದು. ನಮ್ಮ ದೇಶದಲ್ಲಿ ಕವಿ ತೀರಿಕೊಂಡು 60 ವರ್ಷ ಕಳೆದರೆ ಸಾಹಿತ್ಯದ ಹಕ್ಕು ಮುಗಿಯುತ್ತದೆ, ಹಾಗಾಗಿ ಶರೀಫರ ಮಾತಿಗೆ ಯಾರೂ ಕಾಸು ಕೊಡಬೇಕಾಗಿಲ್ಲ. ಬದುಕಿರುವವರ ಕತೆ ಬೇರೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ತನಕ ಸಿನಿಮಾ ಹಾಡು ಬರೆದವರು ಎಲ್ಲ ಹಕ್ಕನ್ನೂ ಒಂದೇ ಸಹಿಯಲ್ಲಿ ಬಿಟ್ಟುಕೊಡುವುದೇ ರೂಢಿಯಾಗಿತ್ತು. ಈಗ ರಾಯಧನದ (ರಾಯಲ್ಟಿಯ) ಸಮಪಾಲನ್ನು ಹಾಗೆ ಬರೆಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಸಂದರ್ಶನಕ್ಕೆ ಹೋದಾಗ ‘ಸ್ಫೂರ್ತಿ ಯಾರು’ ಎಂದು ಕೇಳುವ ಬದಲು ‘ಮೊದಲ ಕರಾರಿನಲ್ಲಿ ಏನಿತ್ತು’ ಎಂದು ಕೇಳಿ ನೋಡು.

ಭಾಷೆಯ ಬಗ್ಗೆ ಒಂದೇ ತಕರಾರು. ‘ಕಡಲಾಚೆಗೂ ಕನ್ನಡದ ಕಂಪು’ ಎಂಬ ಶೀರ್ಷಿಕೆಯನ್ನು ದಯವಿಟ್ಟು ತೆಗೆ. ಅದೇ ಶೀರ್ಷಿಕೆಯನ್ನು ನಾನು ಮೂರು ಸಲ ಬಳಸಿದ್ದೇನೆ.

ತಿದ್ದಿದ ಪ್ರತಿಯನ್ನು ಅಂಚೆಗೆ ಹಾಕಬೇಡ, ಭಾನುವಾರ ತೆಗೆದುಕೊಂಡು ಬಾ. ಹಳೆಯ ಕ್ಯಾಸೆಟ್ ಪ್ಲೇಯರಿಗೆ ಹೊಸ ಬೆಲ್ಟ್ ಹಾಕಿಸಿದ್ದೇನೆ. ಆ ಬಸ್ಸನ್ನು ಕಾಯಿಸಿದ ಹಾಡು ನನ್ನಲ್ಲಿದೆ. ಎರಡನೆಯ ಚರಣದಲ್ಲಿ ಟೇಪು ಸ್ವಲ್ಪ ಎಳೆಯುತ್ತದೆ, ಸಹಿಸಿಕೊಳ್ಳಬೇಕು.

ನಿನ್ನ,
ಹಿರಿಯ ಗೆಳೆಯ